ಈ ವಾರ ಕೆರೆ ಸ್ವಚ್ಛತೆ ಎಲ್ಲಿದೆ? ಟರ್ಮಿನಲ್‌ನಲ್ಲೇ ಹುಡುಕುವ ಸ್ಕ್ರೇಪರ್

ಟರ್ಮಿನಲ್‌ನಲ್ಲಿ ‘ಸೇವೆ --ಸ್ಥಳ ಮಲ್ಲೇಶ್ವರ --ದಿನ 7’ ಎಂದು ಹೊಡೆದರೆ ಮುಂದಿನ ಏಳು ದಿನದ ಕೆರೆ ಸ್ವಚ್ಛತೆ, ಗಿಡ ನೆಡುವುದು, ರಕ್ತದಾನ ಶಿಬಿರ ಎಲ್ಲ ಸಾಲಾಗಿ ಬರಬೇಕು. ಬೆಂಗಳೂರಿನ ಇಂಥ ಕಾರ್ಯಕ್ರಮಗಳನ್ನು ಜಾಲತಾಣಗಳಿಂದ ತಾನಾಗಿ ಹೆಕ್ಕುವ ಪ್ರೋಗ್ರಾಮ್, ಅಂದರೆ ಸ್ಕ್ರೇಪರ್, ಬರೆಯಲು ಪೈಥಾನ್ 3.11, ಪುಟ ತರುವ ರಿಕ್ವೆಸ್ಟ್ಸ್, ಪುಟ ಬಿಡಿಸಿ ಓದುವ ಬ್ಯೂಟಿಫುಲ್ ಸೂಪ್, ತಾರೀಖು ಓದುವ ಡೇಟ್‌ಯುಟಿಲ್, ಟೈಪಿಸಿದ ಆಯ್ಕೆಗಳನ್ನು ಓದುವ ಆರ್ಗ್‌ಪಾರ್ಸ್, ಡೇಟಾಬೇಸಿಗೆ ಎಸ್‌ಕ್ಯುಲೈಟ್ ಸಾಕು. ಆರ್ಗ್‌ಪಾರ್ಸ್‌ನಲ್ಲಿ ಆಯ್ಕೆಗಳಿಗೆ ಕನ್ನಡ ಹೆಸರನ್ನೇ ಇಟ್ಟರೂ ನಡೆಯುತ್ತದೆ.

ಮೊದಲು, ಯಾವ ಪುಟವನ್ನು ಪ್ರೋಗ್ರಾಮ್‌ಗಳು ಓದಬಹುದು ಎಂದು ಹೇಳುವ ತಾಣದ ರೋಬೋಟ್ಸ್ ಕಡತ ನೋಡಿ, ಬೇಡ ಎಂದಿದ್ದರೆ ಆ ತಾಣ ಬಿಟ್ಟುಬಿಡುತ್ತೇನೆ. ಎರಡು ಕೋರಿಕೆಗಳ ನಡುವೆ 5 ಸೆಕೆಂಡ್ ಬಿಡುವು, ಪ್ರತಿ ಕೋರಿಕೆಗೂ 10 ಸೆಕೆಂಡ್ ಟೈಮ್‌ಔಟ್. ರಿಕ್ವೆಸ್ಟ್ಸ್ ತಾನಾಗಿ ಟೈಮ್‌ಔಟ್ ಹಾಕಿಕೊಳ್ಳುವುದಿಲ್ಲ. ಸರ್ವರ್ ಸುಮ್ಮನೆ ಕೂತರೆ ನಮ್ಮ ಪ್ರೋಗ್ರಾಮೂ ಸುಮ್ಮನೆ ಕೂರುತ್ತದೆ.

ಪುಟ ತಂದಮೇಲೆ ವಿನ್ಯಾಸಕ್ಕೆ ಬಳಸುವ ಡಿವ್, ಕ್ಲಾಸ್ ಎಂದು ಅಗೆಯಬೇಡಿ. ವಿನ್ಯಾಸ ಬದಲಾದ ದಿನ ಅದೆಲ್ಲ ಮುರಿಯುತ್ತದೆ. ಅನೇಕ ಪುಟಗಳ ಸ್ಕ್ರಿಪ್ಟ್ ಟ್ಯಾಗಿನೊಳಗೆ, ಯಂತ್ರಗಳು ಓದಲೆಂದೇ ಬರೆದ ಜೇಸನ್-ಎಲ್‌ಡಿ ರೂಪದಲ್ಲಿ ಕಾರ್ಯಕ್ರಮದ ಹೆಸರು, ಸ್ಥಳ, ಶುರುವಾಗುವ ಹೊತ್ತು ಅಚ್ಚುಕಟ್ಟಾಗಿ ಇರುತ್ತವೆ. ಅದು ಒಂದೇ ಆಬ್ಜೆಕ್ಟ್ ಆಗಿರಬಹುದು, ಪಟ್ಟಿಯಾಗಿರಬಹುದು, ಗ್ರಾಫ್ ಎಂಬ ಕೀಲಿಯೊಳಗೂ ಅಡಗಿರಬಹುದು. ಮೂರಕ್ಕೂ ಕೋಡ್ ಬರೆದಿಡಿ.

ಕನ್ನಡ ಪುಟ ಕಲಸುಮೇಲೋಗರವಾಗಿ ಬಂದರೆ ತಪ್ಪು ಪುಟದ್ದಾಗಿರುವುದು ಅಪರೂಪ. ಸರ್ವರ್ ಅಕ್ಷರಸಂಕೇತ ಹೇಳದಿದ್ದರೆ ರಿಕ್ವೆಸ್ಟ್ಸ್ ಅದನ್ನು ಯುರೋಪಿನ ಭಾಷೆಗಳ ಲ್ಯಾಟಿನ್-1 ಎಂದುಕೊಳ್ಳುತ್ತದೆ. ಯುಟಿಎಫ್-8ರಲ್ಲಿ 3 ಬೈಟಿನ ಒಂದು ಕನ್ನಡ ಅಕ್ಷರ 3 ಬೇರೆ ಬೇರೆ ಚಿಹ್ನೆಗಳಾಗಿ ಒಡೆಯುತ್ತದೆ. ರಿಕ್ವೆಸ್ಟ್ಸ್ ಬಿಡಿಸಿಕೊಟ್ಟ ಟೆಕ್ಸ್ಟ್ ಬದಲು ಕಂಟೆಂಟ್ ಅನ್ನು, ಅಂದರೆ ಹಸಿ ಬೈಟುಗಳನ್ನೇ ಸೂಪ್‌ಗೆ ಕೊಟ್ಟರೆ, ಅದು ಪುಟದ ಮೆಟಾ ಟ್ಯಾಗ್ ನೋಡಿ ಸರಿಮಾಡಿಕೊಳ್ಳುತ್ತದೆ.

ನಿಜವಾದ ತಲೆನೋವು ತಾರೀಖಿನದು. ಆಗಸ್ಟ್ 3ರ ‘03/08’ ಅನ್ನು ಡೇಟ್‌ಯುಟಿಲ್ ಮಾರ್ಚ್ 8 ಎಂದು ಓದುತ್ತದೆ, ದಿನ ಮೊದಲು ಎಂಬ ಸೂಚನೆ ಕೊಡಲೇಬೇಕು. ‘೧೫’ ಎಂಬುದನ್ನು ಪೈಥಾನಿನ ಇಂಟ್ ಸಲೀಸಾಗಿ 15 ಮಾಡುತ್ತದೆ, ಆದರೆ ತಾರೀಖು ಓದುವ ಸ್ಟ್ರಿಪ್‌ಟೈಮ್ ಒಪ್ಪುವುದಿಲ್ಲ. ಹಾಗಾಗಿ ಮೊದಲು ಕನ್ನಡ ಅಂಕಿಗಳನ್ನು ಬದಲಿಸಿಕೊಂಡು ಆಮೇಲೆ ಓದಿಸುತ್ತೇನೆ. ಇನ್ನು ಕಾಲವಲಯ: ಓಟದ ಸ್ವಯಂಸೇವಕರು ಭಾನುವಾರ ಬೆಳಗಿನ 5ಕ್ಕೆ ಬರಬೇಕೆಂದಿದ್ದರೆ ಯುಟಿಸಿಯಲ್ಲಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲ) ಅದು ಶನಿವಾರ ರಾತ್ರಿ 11:30. ಭಾರತದ ಹೊತ್ತಿಗೆ ತಿರುಗಿಸದೆ ಸೋಸಿದರೆ ದಿನವೇ ತಪ್ಪುತ್ತದೆ.

ಮಲ್ಲೇಶ್ವರ, ಮಲ್ಲೇಶ್ವರಂ, ಕೈಕೊಂಡ್ರಹಳ್ಳಿ, ಕೈಕೊಂಡನಹಳ್ಳಿ. ಒಂದೇ ಜಾಗಕ್ಕೆ ಎರಡೆರಡು ಹೆಸರು. ಇಂಥವಕ್ಕೆ ಜಾಣ ಉಪಾಯ ಹುಡುಕುವುದಕ್ಕಿಂತ ಕೈಯಲ್ಲೇ ಬರೆದ ಅಡ್ಡಹೆಸರಿನ ಪಟ್ಟಿ ವಾಸಿ. ಹೋಲಿಸುವ ಮುನ್ನ ಯುನಿಕೋಡ್ ಎನ್‌ಎಫ್‌ಸಿ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಬರಹರೂಪಗಳನ್ನು ಒಂದಾಗಿಸಿ, ಕಣ್ಣಿಗೆ ಕಾಣದ ಜೋಡಿಸು-ಜೋಡಿಸಬೇಡ ಚಿಹ್ನೆಗಳನ್ನು ತೆಗೆಯಿರಿ.

ಎರರ್ ಬಂದರೆ ಗೊತ್ತಾಗುತ್ತದೆ, ಖಾಲಿ ಪಟ್ಟಿ ಬಂದರೆ ಗೊತ್ತಾಗುವುದಿಲ್ಲ. ಈ ವಾರ ಏನೂ ಇಲ್ಲವೇನೋ ಎಂದುಕೊಂಡು ಸುಮ್ಮನಾಗುತ್ತೇವೆ. ಅದಕ್ಕೇ ತಾಣವಾರು ಎಣಿಕೆ ಇಟ್ಟು, ಸದಾ ಏನಾದರೂ ಕೊಡುತ್ತಿದ್ದ ತಾಣ ಸೊನ್ನೆ ಕೊಟ್ಟರೆ ಎಚ್ಚರಿಕೆ ಮುದ್ರಿಸಿ ‘ಏನೋ ತಪ್ಪಾಗಿದೆ’ ಎನ್ನುವ ಎಕ್ಸಿಟ್ ಕೋಡ್ 1 ಕೊಡಿಸುತ್ತೇನೆ.

ಸಂಘಟಕರ ಫೋನ್ ನಂಬರ್ ಉಳಿಸಿಕೊಳ್ಳುವುದಿಲ್ಲ, ಮೂಲ ಪುಟದ ಕೊಂಡಿ ಸಾಕು. ಡೇಟಾಬೇಸಿನ ಅನನ್ಯ ಕೀಲಿಯೂ ಆ ಕೊಂಡಿಯೇ. ಕೀಲಿಯಲ್ಲಿ ತಾರೀಖು ಸೇರಿಸಿದರೆ ಮುಂದೂಡಿದ ಕಾರ್ಯಕ್ರಮ ಎರಡು ಸಲ ಕಾಣಿಸುತ್ತದೆ. ‘ಇದ್ದರೆ ಬಿಟ್ಟುಬಿಡು’ ಎಂಬ ಇನ್ಸರ್ಟ್ ಕೂಡ ಬೇಡ, ರದ್ದಾದ ಸುದ್ದಿ ಒಳಗೆ ಬರುವುದೇ ಇಲ್ಲ. ಇದ್ದರೆ ತಿದ್ದುವ ಅಪ್‌ಸರ್ಟ್ ಬಳಸಿ.