ಡೆಸ್ಕ್‌ಟಾಪ್ ಎದ್ದಿದ್ದು ಹೇರ್ ಡ್ರೈಯರ್ ಬಿಸಿಗೆ

ಎಂಟು ತಿಂಗಳಾಯಿತು, ನನ್ನ ಡೆಸ್ಕ್‌ಟಾಪ್ ಒಂದು ದಿನವೂ ಕೈಕೊಟ್ಟಿಲ್ಲ. "ಮದರ್‌ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ" ಅಂದವರು ಈಗ ಆ ಮಾತೇ ಎತ್ತುವುದಿಲ್ಲ. ಇನ್ನು ಬರೆಯಬಹುದು ಅನ್ನಿಸಿತು.

ಯುಪಿಎಸ್ ಇದ್ದಿದ್ದರಿಂದ ಆ ಮೆಷಿನ್‌ಗೆ ಐದಾರು ವರ್ಷ ಕರೆಂಟ್ ತಪ್ಪಿರಲೇ ಇಲ್ಲ. ರಾತ್ರಿ ಶಟ್‌ಡೌನ್ ಮಾಡುತ್ತಿದ್ದೆ, ಅಷ್ಟೇ. ಒಂದು ಸಲ ಮೂರು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ ಅಂತ ಎಲ್ಲ ಸ್ವಿಚ್ ಆರಿಸಿ ಹೋದೆ. ಬಂದು ಬಟನ್ ಒತ್ತಿದರೆ ಸಿಪಿಯು ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಬೀಪ್ ಇಲ್ಲ, ಡಿಸ್‌ಪ್ಲೇ ಇಲ್ಲ. ಮತ್ತೆ ಒತ್ತಿದರೆ ಫ್ಯಾನ್ ಕೂಡ ಅಲುಗಲಿಲ್ಲ.

ಎಲ್ಲರೂ ಮಾಡುವುದನ್ನೇ ಮಾಡಿದೆ. ರ‍್ಯಾಮ್ ಕಿತ್ತು ರಬ್ಬರ್‌ನಿಂದ ಉಜ್ಜಿದೆ, ಬೋರ್ಡ್ ಮೇಲಿನ ಪುಟ್ಟ ಸಿಮೋಸ್ ಸೆಲ್ ಬದಲಾಯಿಸಿದೆ, ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್ ಎಲ್ಲ ಬಿಚ್ಚಿದೆ. ಮುಂದಿನ ಬಟನ್ ಕೆಟ್ಟಿರಬಹುದು ಅಂತ ಅದರ ವೈರ್ ಕೂರುವ ಬೋರ್ಡಿನ ಎರಡು ಪಿನ್‌ಗೆ ಸ್ಕ್ರೂಡ್ರೈವರ್ ತಾಗಿಸಿ ನೋಡಿದೆ. ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿದರೂ, ಬೀಪ್ ಮಾಡಬೇಕಾದ ಸ್ಪೀಕರ್ ತೆಪ್ಪಗಿತ್ತು.

ಆಮೇಲೆ ಪೇಪರ್ ಕ್ಲಿಪ್ ಪರೀಕ್ಷೆ, ಅಂದರೆ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ವೋಲ್ಟೇಜ್‌ಗೆ ಇಳಿಸಿ ಕೊಡುವ ಡಬ್ಬಿ) ಬೋರ್ಡ್ ಇಲ್ಲದೆಯೇ ಆನ್ ಆಗುತ್ತದಾ ಅಂತ ನೋಡುವುದು. ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರ್‌ನಲ್ಲಿ ಹಸಿರು ವೈರನ್ನು ಕ್ಲಿಪ್‌ನಿಂದ ಪಕ್ಕದ ಕಪ್ಪಿಗೆ ಸೇರಿಸಿದೆ. ಅದರ ಫ್ಯಾನ್ ಜೋರಾಗಿ ತಿರುಗಿತು. ಹಳದಿಯಲ್ಲಿ 12.1, ಕೆಂಪಿನಲ್ಲಿ 5.05, ಕಿತ್ತಳೆಯಲ್ಲಿ 3.3 ವೋಲ್ಟ್. "ಎಸ್‌ಎಂಪಿಎಸ್ ಓಕೆ" ಅಂತ ಅಲ್ಲೇ ತೀರ್ಮಾನ ಮಾಡಿದೆ. ನಾನು ದಾರಿ ತಪ್ಪಿದ್ದು ಇಲ್ಲಿಯೇ. ಕ್ಲಿಪ್ ಹಾಕಿದಾಗ ಎಸ್‌ಎಂಪಿಎಸ್ ಮೇಲೆ ಭಾರವೇ ಇರುವುದಿಲ್ಲ. ಬೋರ್ಡ್ ಕರೆಂಟ್ ಎಳೆಯುವಾಗ ಅದು ತಡೆದುಕೊಳ್ಳುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ, ಅಲ್ವಾ?

ರಿಪೇರಿಯವರೂ ಬೋರ್ಡ್ ಅಂದರು. ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಬೋರ್ಡ್ ಹುಡುಕಿ ತಂದೆ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಎರಡು ಬರುತ್ತಿದ್ದವು. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿದ್ದರು. ಆ ಸಂಜೆ ಫಿಟ್ ಮಾಡಿದೆ, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಎಷ್ಟು ಖುಷಿ! ರಾತ್ರಿ ಸ್ವಿಚ್ ಆರಿಸಿ ಮಲಗಿದೆ. ಬೆಳಿಗ್ಗೆ ಬಟನ್ ಒತ್ತಿದರೆ ಮತ್ತೆ ಅದೇ ಅರ್ಧ ಸುತ್ತು.

ಎರಡು ಬೋರ್ಡ್‌ಗೂ ಒಂದೇ ಕಾಯಿಲೆ ಬರುವುದಿಲ್ಲ. ಹಿಂದಿನ ಸಂಜೆ ಏನು ಬೇರೆ ಮಾಡಿದ್ದೆ ಅಂತ ಕೂತು ಯೋಚಿಸಿದೆ. ಫಿಟ್ ಮಾಡುವ ಮೊದಲು ಇನ್ನೊಂದು ಸಲ ವೋಲ್ಟೇಜ್ ನೋಡೋಣ ಅಂತ ಎಸ್‌ಎಂಪಿಎಸ್ಸನ್ನು ಸುಮಾರು ಅರ್ಧ ಗಂಟೆ ಕ್ಲಿಪ್ ಹಾಕಿ ಓಡಿಸಿದ್ದೆ. ಅಂದರೆ ಅದು ಬಿಸಿಯಾಗಿತ್ತು!

ಆಗ ನೋಡಿದ್ದು ನೇರಳೆ ವೈರ್. ಕರೆಂಟ್ ಇದ್ದಷ್ಟು ಹೊತ್ತೂ ಜೀವಂತ ಇರುವ 5 ವೋಲ್ಟ್ ಸ್ಟ್ಯಾಂಡ್‌ಬೈ, ಬಟನ್ ಒತ್ತಿದಾಗ ಬೋರ್ಡ್ ಏಳುವುದು ಇದರ ಬಲದಿಂದಲೇ. ಕನೆಕ್ಟರ್ ಬೋರ್ಡಿನಲ್ಲಿ ಇರುವಾಗಲೇ ಹಿಂದಿನಿಂದ ಮೀಟರ್‌ನ ಪ್ರೋಬ್ ಚುಚ್ಚಿದೆ. ಸುಮ್ಮನಿದ್ದಾಗ 5.1. ಬಟನ್ ಒತ್ತಿದ ತಕ್ಷಣ ಸರ್ರಂತ ನಾಲ್ಕರ ಕೆಳಗೆ ಇಳಿದು, ಮೆಲ್ಲಗೆ ಮೇಲೆ ಬಂತು. 4.75ಕ್ಕಿಂತ ಕೆಳಗೆ ಇಳಿಯಲೇಬಾರದು.

ಹೇರ್ ಡ್ರೈಯರ್ ತಂದೆ. ಆಗ ಮನೆಯಲ್ಲಿದ್ದ ಭಾವಮೈದ ನಂಬಲೇ ಇಲ್ಲ.

"ಭಾವ, ಕೂದಲು ಒಣಗಿಸೋದ್ರಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತೀರಾ?"

"ಸುಮ್ನೆ ಟಾರ್ಚ್ ಹಿಡ್ಕೋ."

ಪ್ಲಗ್ ಕಿತ್ತು, ಎಸ್‌ಎಂಪಿಎಸ್ ಜಾಲರಿಯಿಂದ ಒಂದು ಗೇಣು ದೂರದಲ್ಲಿ ಐದು ನಿಮಿಷ ಬಿಸಿ ಗಾಳಿ ಬಿಟ್ಟೆ. ಪ್ಲಗ್ ಹಾಕಿ ಬಟನ್ ಒತ್ತಿದೆ. ಸ್ಟಾರ್ಟ್ ಆಯಿತು! ಮೂರು ಬೆಳಿಗ್ಗೆ ಇದನ್ನೇ ಮಾಡಿ ನೋಡಿದೆ. ತಣ್ಣಗಿದ್ದರೆ ಇಲ್ಲ, ಬಿಸಿಯಾದರೆ ಉಂಟು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟು ವೋಲ್ಟೇಜ್ ಸ್ಥಿರವಾಗಿಡುವ, ಒಳಗೆ ದ್ರವವಿರುವ ಬಿಡಿಭಾಗ) ಒಣಗಿದ್ದರೆ ಬಿಸಿಗೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಇದು ಅದೇ. ವರ್ಷಗಟ್ಟಲೆ ಕರೆಂಟ್ ತಪ್ಪದೆ ಇದ್ದಾಗ ಸ್ಟ್ಯಾಂಡ್‌ಬೈ ಭಾಗ ಬೆಚ್ಚಗೇ ಇತ್ತು, ಅದಕ್ಕೇ ರೋಗ ಹೊರಗೆ ಬಂದಿರಲಿಲ್ಲ.

ಎಸ್‌ಎಂಪಿಎಸ್ ಬಿಚ್ಚುವುದು ತಿಳಿದವರಿಗೆ ಮಾತ್ರ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು, ಜೀವ ತೆಗೆಯುತ್ತದೆ. ನಾನು ಹೋಲ್ಡರ್‌ನಲ್ಲಿದ್ದ ಫಿಲಮೆಂಟ್ ಬಲ್ಬ್ ಸೇರಿಸಿ ಖಾಲಿ ಮಾಡಿದೆ, ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿದೆ.

ಮೇಲೆ ಉಬ್ಬಿದ ಕೆಪಾಸಿಟರ್ ಒಂದೂ ಇರಲಿಲ್ಲ. ಉಬ್ಬಿಲ್ಲ ಅಂದರೆ ಚೆನ್ನಾಗಿದೆ ಅಂತ ಅಲ್ಲ, ಸಣ್ಣವು ಉಬ್ಬದೇ ಒಣಗುತ್ತವೆ. ಸ್ಟ್ಯಾಂಡ್‌ಬೈ ಟ್ರಾನ್ಸ್‌ಫಾರ್ಮರ್ ಪಕ್ಕ, ಹೀಟ್‌ಸಿಂಕ್‌ಗೆ ಅಂಟಿಕೊಂಡ ಹಾಗೆ, 50 ವೋಲ್ಟ್‌ನ 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದಿತ್ತು. ಅದರ ಕೆಳಗೆ ಪ್ಲೇಟ್ ಕಂದು ತಿರುಗಿತ್ತು. ಕಿತ್ತು ಅಳೆದರೆ ಒಂಬತ್ತೋ ಹತ್ತೋ ತೋರಿಸಿತು. 5 ವೋಲ್ಟ್ ಔಟ್‌ಪುಟ್‌ನ ಇನ್ನೆರಡೂ ಬದಲಾಯಿಸಿದೆ. ಮೂರೂ 105 ಡಿಗ್ರಿ ಬಿಸಿ ತಡೆಯುವವು, ಕಡಿಮೆ ಇಎಸ್‌ಆರ್‌ನವು (ಒಳಗಿನ ರೋಧ ಕಡಿಮೆ ಇರುವವು). ಸಾಮಾನ್ಯದ್ದು ಹಾಕಿದರೆ ಬಾಳಿಕೆ ಬರುವುದಿಲ್ಲ. ಮೂರರ ಬೆಲೆ ಸೇರಿಸಿದರೂ ಆ ಬೋರ್ಡಿಗೆ ಕೊಟ್ಟಿದ್ದರ ನೂರನೇ ಒಂದು ಪಾಲೂ ಆಗಲಿಲ್ಲ. ಕೀಳದೆಯೇ ಯಾವುದು ಸತ್ತಿದೆ ಅಂತ ಗುರುತಿಸುವ ಉಪಾಯವೊಂದನ್ನು ಆಮೇಲೆ ಕಂಡುಕೊಂಡೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಿತ್ತ 47ನ್ನು ಎಸೆಯಲಿಲ್ಲ. ಫ್ರೀಜರ್‌ನಲ್ಲಿ ಒಂದು ಗಂಟೆ ಇಟ್ಟು ಅಳೆದರೆ ಮೂರಕ್ಕೆ ಇಳಿದಿತ್ತು. ಟೇಬಲ್ ಲ್ಯಾಂಪ್ ಬಲ್ಬಿಗೆ ಹಿಡಿದರೆ ಇಪ್ಪತ್ತು ದಾಟಿತು. ಭಾವಮೈದ ಅದನ್ನು ನಾಲ್ಕು ಸಲ ಮಾಡಿಸಿ ನೋಡಿದ.

ಈಗ ಯಾರದ್ದೇ ಮೆಷಿನ್ ಬಂದರೂ ಕ್ಲಿಪ್ ಒಂದನ್ನೇ ನಂಬುವುದಿಲ್ಲ. ಕಾರಿನ ಇಂಡಿಕೇಟರ್ ಬಲ್ಬ್, 12 ವೋಲ್ಟ್ 21 ವಾಟ್‌ನದ್ದು, ನೇರಳೆಗೂ ಕಪ್ಪಿಗೂ ಕಟ್ಟುತ್ತೇನೆ. ಸುಮಾರು ಒಂದು ಆಂಪಿಯರ್ ಎಳೆಯುತ್ತದೆ. ಬಲ್ಬ್ ಕೆಂಪಗೆ ಉರಿಯುತ್ತಾ ವೋಲ್ಟೇಜ್ 5ರ ಹತ್ತಿರ ನಿಂತರೆ ಮುಂದೆ ಹೋಗುತ್ತೇನೆ. ಇಳಿದರೆ ಬೋರ್ಡ್ ಮುಟ್ಟುವುದೇ ಇಲ್ಲ. 5.3, 5.4 ಅಂತ ಏರಿದ್ದರೂ ಆ ಎಸ್‌ಎಂಪಿಎಸ್ಸನ್ನು ಬೋರ್ಡಿಗೆ ಹಾಕಬೇಡಿ. ಕೆಲವು ಹಳೆಯ ವಿನ್ಯಾಸಗಳಲ್ಲಿ ಆ ಸಣ್ಣ ಕೆಪಾಸಿಟರ್ ಒಣಗಿದರೆ ಸ್ಟ್ಯಾಂಡ್‌ಬೈ ವೋಲ್ಟೇಜ್ ಇಳಿಯುವ ಬದಲು ಏರುತ್ತದೆ, ಒಳ್ಳೆಯ ಬೋರ್ಡನ್ನೂ ಸುಡುತ್ತದೆ.

ನನ್ನ ಹಳೆಯ ಬೋರ್ಡನ್ನೇ ವಾಪಸ್ ಹಾಕಿದ್ದೇನೆ. ಮೊನ್ನೆ ಬೇಕಂತಲೇ ನಾಲ್ಕು ದಿನ ಗೋಡೆಯ ಸ್ವಿಚ್ ಆರಿಸಿಟ್ಟೆ. ಐದನೇ ಬೆಳಿಗ್ಗೆ, ಚಳಿಯಲ್ಲಿ, ಒಂದೇ ಒತ್ತಿಗೆ ಬಂತು. ನೇರಳೆಯಲ್ಲಿ 5.06 ಇತ್ತು.