ಕಾಲರಾ ಹರಡಿದಾಗ, ಸರ್ಕಾರ ಸುಮ್ಮನಿದ್ದಾಗ: ಮೊದಲು ಮಾಡಬೇಕಾದ ಕೆಲಸಗಳು

ಅಧಿಕೃತ ಘೋಷಣೆ ಹೊರಬೀಳುವವರೆಗೆ ಕಾಲರಾ ಕಾಯುವುದಿಲ್ಲ; ಚಿಕಿತ್ಸೆ ಸಿಗದ ರೋಗಿ ಕೆಲವೇ ಗಂಟೆಗಳಲ್ಲಿ ನಿರ್ಜಲೀಕರಣದಿಂದ ಸಾಯಬಹುದು. ಆದ್ದರಿಂದ ಅಕ್ಕಿ ತೊಳೆದ ನೀರಿನಂತಹ ಭೇದಿ ಕಂಡ ಕೂಡಲೇ ಓಆರ್‌ಎಸ್ (ದೇಹ ಕಳೆದುಕೊಂಡ ನೀರು-ಲವಣವನ್ನು ತುಂಬುವ ದ್ರಾವಣ) ಕುಡಿಸಬೇಕು. ಪೊಟ್ಟಣ ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ ಅಳೆದ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ, ಪ್ರತಿ ಭೇದಿಯ ನಂತರವೂ ಗುಟುಕು ಗುಟುಕಾಗಿ ಕೊಡಬೇಕು. ಉಪ್ಪು ಹೆಚ್ಚಾದರೆ, ವಿಶೇಷವಾಗಿ ಮಕ್ಕಳಿಗೆ, ಅಪಾಯಕಾರಿ. ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದು, ಮಂಪರು ಕವಿದು, ರೋಗಿಗೆ ಕುಡಿಯಲಾಗದಿದ್ದರೆ ರಕ್ತನಾಳದ ಮೂಲಕ ದ್ರವ ಕೊಡುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು.

ಆಡಳಿತ ಕೈಕಟ್ಟಿ ಕುಳಿತಾಗ ಆಕ್ರೋಶಕ್ಕಿಂತ ದಾಖಲೆ ಹೆಚ್ಚು ಕೆಲಸ ಮಾಡುತ್ತದೆ. ಹೆಸರುಗಳನ್ನು ಬಿಟ್ಟು, ಪ್ರತಿ ಪ್ರಕರಣದ ವಯಸ್ಸು, ರೋಗ ಆರಂಭವಾದ ದಿನ ಮತ್ತು ನೀರಿನ ಮೂಲವನ್ನು ಬರೆದು, ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ. 1854ರಲ್ಲಿ ವೈದ್ಯ ಜಾನ್ ಸ್ನೋ ಕಾಲರಾದ ಮೂಲವೆಂದು ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪಿನತ್ತ ಬೆರಳು ತೋರಿದ್ದು ಸಾವುಗಳ ಜಾಡು ಹಿಡಿದೇ. ಸ್ಥಳೀಯ ಮಂಡಳಿ ಅವರ ವಾದವನ್ನು ಪೂರ್ತಿ ನಂಬದಿದ್ದರೂ ಪಂಪಿನ ಹಿಡಿಕೆಯನ್ನು ತೆಗೆಸಿತು. ಅಂಥದ್ದೇ ನಿರ್ದಿಷ್ಟ ಬೇಡಿಕೆ ನಿಮ್ಮದಾಗಿರಲಿ: ಮಲದ ಮಾದರಿಯ ಪರೀಕ್ಷೆ, ನೀರಿಗೆ ಕ್ಲೋರಿನ್, ಒಡೆದ ಕೊಳವೆಯ ದುರಸ್ತಿ, ಬಾಯಿಯ ಮೂಲಕ ಕೊಡುವ ಲಸಿಕೆ. ಇವನ್ನು ಲಿಖಿತವಾಗಿ ಸಲ್ಲಿಸಿ, ದಿನಾಂಕವಿರುವ ಸ್ವೀಕೃತಿಯನ್ನು ಪಡೆದುಕೊಳ್ಳಿ.