ಮೊದಲ ಫ್ರೆಟ್ ಒತ್ತಿದಾಗಲೆಲ್ಲ ಕೈ ನೋವು

ನನ್ನ ಬೇಸ್ ಗಿಟಾರ್‌ನ ದಪ್ಪ ತಂತಿಯಲ್ಲಿ ಮೊದಲ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿ) ಒತ್ತುವುದೆಂದರೆ ಶಿಕ್ಷೆ. ಹತ್ತು ನಿಮಿಷಕ್ಕೆ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು. ತಂತಿಯೇ ದಪ್ಪ ಜಾಸ್ತಿ ಅಂದುಕೊಂಡು 45–105ರ ಸೆಟ್ (ಅತಿ ತೆಳು, ಅತಿ ದಪ್ಪ ತಂತಿಗಳ ಅಳತೆ, ಇಂಚಿನ ಸಾವಿರದ ಲೆಕ್ಕದಲ್ಲಿ) ಬಿಚ್ಚಿ 40–95ರದ್ದು ಹಾಕಿದೆ.

ಎರಡು ದಿನ ಹಾಯಾಗಿತ್ತು. ಆಮೇಲೆ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಜರ್ ಅನ್ನುವ ಸದ್ದು ಶುರುವಾಯಿತು. ತೆಳು ತಂತಿಯ ಎಳೆತ ಕಡಿಮೆ, ಹಾಗಾಗಿ ನೆಕ್‌ನಲ್ಲಿ, ಅಂದರೆ ಗಿಟಾರ್‌ನ ಕತ್ತಿನಲ್ಲಿ, ಇರಬೇಕಾದ ಸಣ್ಣ ಬಾಗು ಹೋಗಿ ಪೂರ್ತಿ ನೆಟ್ಟಗಾಗಿತ್ತು. ಅದು ಆಗ ಹೊಳೆಯಲಿಲ್ಲ. ಸುಮ್ನೆ ಸ್ಯಾಡಲ್‌ಗಳನ್ನು (ಕೆಳತುದಿಯಲ್ಲಿ ತಂತಿ ಕೂರುವ ತುಣುಕುಗಳು) ಎತ್ತಿದೆ. ಸದ್ದು ತಗ್ಗಿತು, ತೆಳು ತಂತಿಯೂ ಕಬ್ಬಿಣದ ಸಲಾಕೆಯಂತಾಯಿತು!

ಕೊನೆಗೆ ಹಳೇ ಸೆಟ್ಟನ್ನೇ ಮತ್ತೆ ಹಾಕಿ, ಶ್ರುತಿ ಮಾಡಿ, ಅಳತೆ ಹಿಡಿದು ಕೂತೆ. ಶ್ರುತಿ ಮಾಡದೆ ನೆಕ್ ಅಳೆದು ಪ್ರಯೋಜನವಿಲ್ಲ, ಅದನ್ನು ಬಗ್ಗಿಸುವುದೇ ತಂತಿಯ ಎಳೆತ ಅಲ್ವಾ? ಮೊದಲ ಫ್ರೆಟ್‌ಗೆ ಕೇಪೊ (ತಂತಿ ಒತ್ತಿಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ, ಏಳನೆಯದರ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಹಾಳೆ) ತೂರಿಸಿದೆ. 0.6 ಮಿ.ಮೀ. ಸಂದು. ನೆಕ್‌ನೊಳಗಿನ ಬಾಗು ಸರಿಪಡಿಸುವ ಸರಳು, ಟ್ರಸ್ ರಾಡನ್ನು, ಕಾಲು ಸುತ್ತು ಬಿಗಿ ಮಾಡಿ ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ 0.3ರ ಹತ್ತಿರ ಬಂದಿತ್ತು. ಆಮೇಲೆ ಸ್ಯಾಡಲ್ ಇಳಿಸಿದೆ. 12ನೇ ಫ್ರೆಟ್ ಮೇಲೆ ದಪ್ಪದ ಇ ತಂತಿ 2.5 ಮಿ.ಮೀ., ತೆಳುವಿನ ಜಿ ತಂತಿ 2 ಮಿ.ಮೀ. ಎತ್ತರ. ಮೇಲಿನ ಸ್ವರಗಳು ಬೆಣ್ಣೆಯಂತಾದವು.

ಆದರೆ ಮೊದಲ ಫ್ರೆಟ್ ಮಾತ್ರ ಅದೇ ಹಟ ಹಿಡಿದಿತ್ತು.

ಮೂರನೇ ಫ್ರೆಟ್ ಒತ್ತಿ, ಮೊದಲನೆಯದರ ಮೇಲಿನ ಸಂದು ನೋಡಿದೆ. ಅಲ್ಲಿ ತೆಳು ಕಾಗದದಷ್ಟು ಜಾಗ ಸಾಕು. ನನ್ನದರಲ್ಲಿ ವಿಸಿಟಿಂಗ್ ಕಾರ್ಡೇ ಸಲೀಸಾಗಿ ತೂರಿತು. ನಟ್ (ಮೇಲ್ತುದಿಯಲ್ಲಿ ತಂತಿ ಕೂರುವ ಗೀರುಗಳ ಪಟ್ಟಿ) ಎತ್ತರವಿದ್ದರೆ ಅದರ ಪಕ್ಕದಲ್ಲೇ ತಂತಿಯನ್ನು ಕಡಿದಾಗಿ ಬಗ್ಗಿಸಬೇಕು, ಬೆರಳಿಗೆ ಬೀಳುವ ಕೆಲಸ ಅದು. ಖಾಲಿ ತಂತಿ ಸರಿಯಿದ್ದರೂ ಇ ತಂತಿಯ ಮೊದಲ ಫ್ರೆಟ್‌ನ ಎಫ್ ಸ್ವರ ಟ್ಯೂನರ್‌ನಲ್ಲಿ ಯಾವಾಗಲೂ ಸ್ವಲ್ಪ ಏರಿರುತ್ತಿತ್ತು. ಸುಳಿವು ಕಣ್ಣೆದುರಿಗೇ ಇತ್ತು, ನಾನು ಬೆರಳನ್ನು ಬೈದುಕೊಂಡಿದ್ದೆ.

ತಂತಿಯ ದಪ್ಪಕ್ಕೆ ಹೊಂದುವ ಅರ ತಗೊಂಡು, ನಟ್‌ನ ಗೀರು ಗಿಟಾರ್ ತಲೆಯ ಕಡೆಗೆ ಇಳಿಜಾರಾಗುವಂತೆ ಉಜ್ಜಿದೆ. ಎರಡು ಸಲ ಉಜ್ಜುವುದು, ತಂತಿ ಕೂರಿಸುವುದು, ಶ್ರುತಿ, ಮತ್ತೆ ನೋಡುವುದು. ನಾಲ್ಕು ತಂತಿಗೆ ಒಂದೂವರೆ ಗಂಟೆ ಹಿಡಿಯಿತು. ಒಂದು ಗೀರು ಆಳ ಹೆಚ್ಚಾದರೆ ಖಾಲಿ ತಂತಿ ಗರಗುಟ್ಟುತ್ತದೆ, ನಟ್ಟೇ ಬದಲಾಯಿಸಬೇಕಾಗುತ್ತದೆ. ಹೆದರಿ ಸ್ವಲ್ಪ ಮೊದಲೇ ನಿಲ್ಲಿಸಿದೆ.

ಇಂಟೊನೇಶನ್, ಅಂದರೆ ಒತ್ತಿದ ಸ್ವರಗಳೂ ಶ್ರುತಿಯಲ್ಲಿರುವಂತೆ ಮಾಡುವ ಕೆಲಸ, ಐದೇ ನಿಮಿಷದ್ದು. 12ನೇ ಫ್ರೆಟ್‌ನ ಹಾರ್ಮೋನಿಕ್‌ಗಿಂತ (ಒತ್ತದೆ ಬರೀ ತಾಗಿಸಿ ಮೀಟಿದ ಸ್ವರ) ಒತ್ತಿದ ಸ್ವರ ಏರಿತ್ತು, ಇ ತಂತಿಯ ಸ್ಯಾಡಲ್ ತುಸು ಹಿಂದಕ್ಕೆ ಸರಿಸಿದೆ.

ಈಗಲೂ ಅದೇ 105ರ ತಂತಿ, ಅದೇ 34 ಇಂಚಿನ ಉದ್ದ, ಅದೇ ಶ್ರುತಿ. ಎಳೆತ ಮೊದಲಿನಷ್ಟೇ. ಆದರೂ ಒತ್ತಿದರೆ ಬೇರೆ ಗಿಟಾರ್ ಅನ್ನಿಸುತ್ತದೆ. 40–95ರ ಸೆಟ್ ಡ್ರಾಯರ್ ಸೇರಿದೆ.